ಮೇಷ್ಟ್ರನ್ನ ಕೇಳಿ: 31 ಅಡಿಟಿಪ್ಪಣಿ ಇದ್ದರೆ ಸಾಕಾ?

ಈ ಸಲ ನಾಲ್ಕು ಪತ್ರ ತಗೊಂಡಿದ್ದೇನೆ. ನಾಲ್ಕೂ ಒಂದೇ ವಿಷಯದ ಸುತ್ತ ಇವೆ: ಅಂತರ್ಜಾಲದ ವಿಶ್ವಕೋಶದ ಲೇಖನವನ್ನು ಎಷ್ಟು ನಂಬಬಹುದು. ಮೊದಲನೆಯದು ಬಂದ ಮೇಲೆ ಉಳಿದ ಮೂರನ್ನು ಹಳೇ ಕಟ್ಟಿನಿಂದ ನಾನೇ ಹುಡುಕಿ ತೆಗೆದೆ. ಹಾವು ಕಡಿತಕ್ಕೆ ನಾಟಿ ಔಷಧಿ ಕೇಳಿದವರು ದಯವಿಟ್ಟು ಆಸ್ಪತ್ರೆಗೆ ಹೋಗಿ. ಅದಕ್ಕೆ ನನ್ನ ಹತ್ತಿರ ಬೇರೆ ಉತ್ತರ ಇಲ್ಲ.

ಪ್ರಶ್ನೆ: ಸರ್, ನಾನು ಹಾಸನದಲ್ಲಿ ಬಿಎಸ್ಸಿ ಎರಡನೇ ವರ್ಷ ಓದುತ್ತಿದ್ದೇನೆ. ಅಂತರ್ಜಾಲದ ವಿಶ್ವಕೋಶದಿಂದ ಜೀವಶಾಸ್ತ್ರದ ಒಂದು ಲೇಖನ ಆರಿಸಿಕೊಂಡು, ಅದರ ಆಧಾರಗಳು ಸರಿ ಇವೆಯಾ, ಲೇಖನ ಪೂರ್ತಿ ಇದೆಯಾ ಅಂತ ಬರೆದುಕೊಂಡು ಬನ್ನಿ ಎಂದು ನಮ್ಮ ಮೇಡಂ ಹೇಳಿದ್ದಾರೆ. ನಮ್ಮಜ್ಜನ ಮನೆ ಬೇಲೂರು ಕಡೆ, ತೋಟ ಇದೆ. ಅದಕ್ಕೇ ಕಾಫಿ ಎಲೆ ತುಕ್ಕು ರೋಗದ ಲೇಖನ ತಗೊಂಡೆ. ಕೆಳಗೆ 31 ಅಡಿಟಿಪ್ಪಣಿ ಇವೆ. ಅಷ್ಟಿದ್ದರೆ ಚೆನ್ನಾಗಿದೆ ಅಂತಲೇ ಅಲ್ವಾ? ಇನ್ನೇನು ಬರೆಯಬೇಕೋ ತಿಳಿಯುತ್ತಿಲ್ಲ. ಪ್ರಿಂಟ್ ತೆಗೆದು ಇದರ ಜೊತೆ ಇಟ್ಟಿದ್ದೇನೆ.

ಉತ್ತರ: ನೋಡಮ್ಮ, ಬೇಲಿಗೂಟ ಎಣಿಸಿ ತೋಟ ಚೆನ್ನಾಗಿದೆ ಅನ್ನುವುದಕ್ಕಾಗುತ್ತಾ? ನಿನ್ನ 31ರ ಕಥೆಯೂ ಅಷ್ಟೇ. ಆದರೆ ನೀನು ಪ್ರಿಂಟ್ ಕಳಿಸಿದ್ದು ಬಹಳ ಒಳ್ಳೆಯದಾಯಿತು. ಎರಡು ಸಂಜೆ ಕೂತು, ಕೆಂಪು ಪೆನ್ನು ಹಿಡಿದು, ಮೊಮ್ಮಗನ ಕೈಯಲ್ಲಿ ಒಂದೊಂದೇ ಕೊಂಡಿ ತೆರೆಸಿದೆ. ನಮ್ಮ ಮನೆ ಮೂಡಿಗೆರೆ ರಸ್ತೆಯಿಂದ ಒಳಗೆ. ನೆಟ್ ಸಿಗಬೇಕು ಅಂದರೆ ಕಣದ ಆ ತುದಿಗೆ ಹೋಗಿ ನಿಲ್ಲಬೇಕು. ಅವನಿಗೆ ನನ್ನ ಮೇಲೆ ಇನ್ನೂ ಸಿಟ್ಟಿದೆ.

31ರಲ್ಲಿ ಐದು ಕೊಂಡಿ ತೆರೆಯಲೇ ಇಲ್ಲ. ಒಂದು, ಔಷಧಿ ಮಾರುವ ಕಂಪನಿಯ ಪುಟ. ಇನ್ನೊಂದು ಗೋಧಿ ತುಕ್ಕಿನ ಬಗ್ಗೆ. ಹೆಸರಲ್ಲಿ ತುಕ್ಕು ಇದೆ ಅಂತ ಯಾರೋ ತಂದು ಅಂಟಿಸಿದ್ದಾರೆ. ತುಕ್ಕು ಅಂದರೆ ಒಂದು ಥರದ ಬೂಷ್ಟು. ಗೋಧಿಗೆ ಬರುವುದು ಪಕ್ಸಿನಿಯಾ, ಕಾಫಿಗೆ ಬರುವುದು ಹೆಮಿಲಿಯಾ ವಾಸ್ಟಾಟ್ರಿಕ್ಸ್. ಎರಡೂ ದೂರದ ನೆಂಟರು, ಒಂದೇ ಮನೆಯವರಲ್ಲ. ಮೂರು ಕಡೆ ಒಂದೇ ಪ್ರಬಂಧಕ್ಕೆ ಬೇರೆ ಬೇರೆ ನಂಬರ್ ಕೊಟ್ಟಿದ್ದಾರೆ. ಇನ್ನು ನಾಲ್ಕು ಜಾಲತಾಣಗಳಿವೆ. ಅವುಗಳನ್ನು ತೆರೆದು ಓದಿದರೆ ನಿನ್ನ ಲೇಖನದ ವಾಕ್ಯಗಳೇ ಅಕ್ಷರ ಬಿಡದೆ ಸಿಗುತ್ತವೆ. ಅಂದರೆ ಅವರು ಇಲ್ಲಿಂದ ನಕಲು ಮಾಡಿದ್ದಾರೆ, ಇವರು ಅವರನ್ನೇ ಸಾಕ್ಷಿಗೆ ಕರೆದಿದ್ದಾರೆ.

ಈ ಕೊನೆಯದು ಸಣ್ಣ ವಿಷಯ ಅಂತ ತಿಳಿಯಬೇಡ. ದಕ್ಷಿಣ ಅಮೆರಿಕದಲ್ಲಿ ಕೊವಾಟಿ ಅಂತ ಒಂದು ಪ್ರಾಣಿ ಇದೆ. ಉದ್ದ ಮೂತಿ, ಪಟ್ಟೆಪಟ್ಟೆ ಬಾಲ, ರಕೂನ್ ಕುಟುಂಬಕ್ಕೆ ಸೇರಿದ್ದು. 2008ರಲ್ಲಿ ಅಮೆರಿಕದ ಒಬ್ಬ ವಿದ್ಯಾರ್ಥಿ ಸುಮ್ನೆ ತಮಾಷೆಗೆ ಇಂಗ್ಲಿಷ್ ವಿಕಿಪೀಡಿಯದಲ್ಲಿ ಅದಕ್ಕೆ ‘ಬ್ರೆಜಿಲ್‌ನ ಆರ್ಡ್‌ವಾರ್ಕ್’ ಅಂತಲೂ ಹೆಸರಿದೆ ಎಂದು ಸೇರಿಸಿದ. ಆರ್ಡ್‌ವಾರ್ಕ್ ಬೇರೆಯೇ ಒಂದು ಪ್ರಾಣಿ, ಇರುವುದು ಆಫ್ರಿಕದಲ್ಲಿ ಮಾತ್ರ. ಕೊವಾಟಿಗೂ ಅದಕ್ಕೂ ಸಂಬಂಧವೇ ಇಲ್ಲ. ಆದರೂ ಬ್ರಿಟನ್ನಿನ ಪತ್ರಿಕೆಗಳು ಆ ಹೆಸರು ಬಳಸಿದವು. ಪುಸ್ತಕಕ್ಕೂ ಹೋಯಿತು. ಆಮೇಲೆ ಆ ಪತ್ರಿಕೆಯ ಸುದ್ದಿಯೇ ಲೇಖನಕ್ಕೆ ಅಡಿಟಿಪ್ಪಣಿಯಾಗಿ ವಾಪಸು ಬಂತು! ಆರು ವರ್ಷದ ಹತ್ತಿರ ಅದು ಹಾಗೇ ಇತ್ತು. ಹಳ್ಳಿಯಲ್ಲಿ ಒಬ್ಬ ಹಬ್ಬಿಸಿದ ಸುದ್ದಿ ಮೂರು ಮನೆ ಸುತ್ತಿ ಅವನ ಕಿವಿಗೇ ಬಂದಾಗ, ‘ಓ, ನಾನು ಹೇಳಿದ್ದು ನಿಜ ಇರಬೇಕು’ ಅಂದುಕೊಂಡನಂತೆ. ಹಾಗಾಯಿತು ಇದು.

ಹೀಗೆ ಜೊಳ್ಳು ತೂರಿದ ಮೇಲೆ ಉಳಿದದ್ದು 18 ಆಧಾರ. ಅದೇನು ಕಡಿಮೆ ಅಲ್ಲ. ಇಷ್ಟು ಮಾತ್ರ ಬರೆದರೂ ನಿನ್ನ ಮೇಡಂ ಅರ್ಧ ಅಂಕ ಕೊಡುತ್ತಾರೆ. ಉಳಿದ ಅರ್ಧಕ್ಕೆ ಕಷ್ಟದ ಕೆಲಸ ಇದೆ. ಆಧಾರ ತೆರೆದು, ವಾಕ್ಯ ಹೇಳುವುದನ್ನೇ ಆ ಆಧಾರವೂ ಹೇಳುತ್ತದಾ ಅಂತ ನೋಡಬೇಕು. ಎಲ್ಲ ನೋಡಲು ಆಗುವುದಿಲ್ಲ. ಗಟ್ಟಿಯಾಗಿ, ಅನುಮಾನವೇ ಇಲ್ಲದ ಹಾಗೆ ಮಾತಾಡುವ ವಾಕ್ಯಗಳನ್ನು ಮೊದಲು ಹಿಡಿ. ನಾನು ಮೂರನ್ನು ಹಿಡಿದೆ.

ಮೊದಲನೆಯದು: ‘2012ರಲ್ಲಿ ಹವಾಮಾನ ಬದಲಾವಣೆಯಿಂದ ಮಧ್ಯ ಅಮೆರಿಕದಲ್ಲಿ ರೋಗ ಸ್ಫೋಟಿಸಿತು.’ ಇದಕ್ಕೆ ಕೊಟ್ಟ ಆಧಾರ 2015ರಲ್ಲಿ ಫುಡ್ ಸೆಕ್ಯುರಿಟಿ ಎಂಬ ಪತ್ರಿಕೆಯಲ್ಲಿ ಬಂದ ಪ್ರಬಂಧ. ಒಳ್ಳೆಯ ಪ್ರಬಂಧವೇ. ಆದರೆ ಅದರ ತಲೆಬರಹದಲ್ಲೇ ‘ಸಂಭವನೀಯ ಕಾರಣಗಳು’ ಅಂತ ಇದೆ. ಕಾರಣ ಅಲ್ಲ, ಕಾರಣಗಳು. ಹವೆ ರೋಗಕ್ಕೆ ಅನುಕೂಲವಾಗಿತ್ತು ಅನ್ನುತ್ತದೆ, ಸರಿ. ಅದರ ಜೊತೆಗೇ ಕಾಫಿ ಬೆಲೆ ಬಿದ್ದು, ಬೆಳೆಗಾರರ ಕೈಯಲ್ಲಿ ದುಡ್ಡಿಲ್ಲದೆ ತೋಟದ ಆರೈಕೆ ಕಡಿಮೆಯಾಗಿತ್ತು ಅಂತಲೂ ಹೇಳುತ್ತದೆ. ಬೆಲೆ ಬಿದ್ದ ವರ್ಷ ಗೊಬ್ಬರ ಹೋಗುವುದಿಲ್ಲ, ಔಷಧಿ ಹೋಗುವುದಿಲ್ಲ. ಇದನ್ನು ನಮ್ಮ ಕಡೆಯವರಿಗೆ ಯಾರೂ ಪಾಠ ಮಾಡಬೇಕಾಗಿಲ್ಲ. ಲೇಖನ ಬರೆದವರು ಒಂದು ಕಾರಣ ಇಟ್ಟುಕೊಂಡು ಇನ್ನೊಂದನ್ನು ಕೈಬಿಟ್ಟಿದ್ದಾರೆ. ಆಧಾರ ಸುಳ್ಳಲ್ಲ, ವಾಕ್ಯ ಅರ್ಧ.

ಎರಡನೆಯದು: ‘ಎಸ್.795 ತುಕ್ಕು ನಿರೋಧಕ ತಳಿ.’ ಆಧಾರ, ಅರವತ್ತು ವರ್ಷ ಹಿಂದಿನ ಪುಸ್ತಕ. ಆ ಪುಸ್ತಕ ಬರೆಯುವಾಗ ಅದು ನಿಜವೇ. ಎಸ್.795 ಬೆಳೆಗಾರರ ಕೈಗೆ ಬಂದಿದ್ದು 1940ರ ದಶಕದಲ್ಲಿ. ಎಸ್.288 ಮತ್ತು ಕೆಂಟ್ಸ್ ಅನ್ನುವ ಎರಡು ಕಾಫಿ ತಳಿ ಸೇರಿಸಿ ಮಾಡಿದ್ದು. ಆಮೇಲೆ ತುಕ್ಕಿನಲ್ಲೇ ಹೊಸ ಹೊಸ ಬಗೆಗಳು ಬಂದವು, ಆ ತಡೆ ಮುರಿದು ಬಿತ್ತು. ನನ್ನ ನಾಲ್ಕು ಎಕರೆಯಲ್ಲಿ ಇರುವುದು ಬಹುಪಾಲು ಅದೇ. ಮಳೆ ಮುಗಿಯುವ ಹೊತ್ತಿಗೆ ಎಲೆ ತಿರುಗಿಸಿದರೆ ಅರಿಶಿನ ಕುಂಕುಮ ಕಲಸಿ ಉದುರಿಸಿದ ಹಾಗೆ ಕಿತ್ತಳೆ ಪುಡಿ ಬೆರಳಿಗೆ ಹತ್ತುತ್ತದೆ. ಆಧಾರ ನೋಡುವಾಗ ಅದರ ಇಸವಿ ನೋಡು ಅನ್ನುವುದು ಇದಕ್ಕೇ. ವರ್ಗೀಕರಣ, ಎಲೆ ಆಕಾರ, ಬೀಜಕದ (ಬೂಷ್ಟು ಹರಡುವ ಪುಡಿಯ ಕಣ) ಗಾತ್ರ ಇಂಥದ್ದಕ್ಕೆ ನೂರು ವರ್ಷದ ಹಳೆ ಪುಸ್ತಕವೂ ನಡೆಯುತ್ತದೆ. ರೋಗ ತಡೆಯುವ ತಳಿ ಯಾವುದು ಅನ್ನುವುದಕ್ಕೆ ಹತ್ತು ವರ್ಷದ್ದೂ ಹಳೆಯದಾಗಬಹುದು.

ಮೂರನೆಯದಕ್ಕೆ ಬರುವಾಗ ನನಗೆ ನಾಚಿಕೆಯಾಯಿತು. ‘ಸಿಲೋನಿನಲ್ಲಿ (ಈಗಿನ ಶ್ರೀಲಂಕಾ) ತುಕ್ಕು ಬಂದು ಕಾಫಿ ನಾಶವಾಗಿದ್ದರಿಂದಲೇ ಬ್ರಿಟಿಷರು ಕಾಫಿ ಬಿಟ್ಟು ಟೀ ಕುಡಿಯಲು ಕಲಿತರು.’ ಆಧಾರ ತೆರೆದರೆ ಒಂದು ಜನಪ್ರಿಯ ಪುಸ್ತಕ, ಅದರಲ್ಲಿ ಇದೇ ಮಾತಿದೆ. ಅಡಿಟಿಪ್ಪಣಿ ಪ್ರಾಮಾಣಿಕ, ಪುಟದ ನಂಬರೂ ಸರಿ. ಮಾತು ಮಾತ್ರ ತಪ್ಪು. ಈ ಕಥೆಯನ್ನು ನಾನು 22 ವರ್ಷ ಪಿಯುಸಿ, ಡಿಗ್ರಿ ಮಕ್ಕಳಿಗೆ ಬೋರ್ಡಿನ ಮುಂದೆ ನಿಂತು ಹೇಳಿದ್ದೇನೆ. ಮಕ್ಕಳಿಗೆ ಬಹಳ ಇಷ್ಟ ಆಗುತ್ತಿತ್ತು. ಒಂದು ಬೂಷ್ಟು ಒಂದು ದೇಶದ ಬಾಯಿರುಚಿಯನ್ನೇ ಬದಲಿಸಿತು ಅಂದರೆ ಯಾರಿಗೆ ಇಷ್ಟ ಆಗುವುದಿಲ್ಲ?

ಒಂದು ದಿನ ಕೊನೇ ಬೆಂಚಿನ ಹುಡುಗ ಎದ್ದು ಕೇಳಿದ. ‘ಸರ್, ಅಮೆರಿಕದ ಬೋಸ್ಟನ್‌ನಲ್ಲಿ ಬ್ರಿಟಿಷರ ಟೀ ಪೆಟ್ಟಿಗೆ ಸಮುದ್ರಕ್ಕೆ ಎಸೆದಿದ್ದು 1773ರಲ್ಲಿ ಅಂತ ಹಿಸ್ಟರಿ ಮೇಷ್ಟ್ರು ಹೇಳಿದರು. ತುಕ್ಕು ಬಂದಿದ್ದು 1869 ಅಂತೀರಿ. ಹಾಗಾದರೆ ಅಲ್ಲಿವರೆಗೂ ಅವರು ಟೀ ಕುಡೀತಿರಲಿಲ್ವಾ?’ ನಾನು ಬಳಪ ಕೆಳಗಿಟ್ಟೆ. ಆ ರಾತ್ರಿ ಹುಡುಕಿದೆ. ಅಸ್ಸಾಮಿನ ಟೀ ಲಂಡನ್ನಿನಲ್ಲಿ ಹರಾಜಾಗಿದ್ದು 1839ರಲ್ಲಿ. ಸಿಲೋನಿನಲ್ಲೇ ಜೇಮ್ಸ್ ಟೇಲರ್ ಅನ್ನುವ ಬೆಳೆಗಾರ ಲೂಲ್‌ಕಂಡೇರ ತೋಟದಲ್ಲಿ 19 ಎಕರೆ ಟೀ ಹಾಕಿದ್ದು 1867, ರೋಗಕ್ಕೆ ಎರಡು ವರ್ಷ ಮುಂಚೆ. ತುಕ್ಕು ಮಾಡಿದ್ದು ಏನು ಅಂದರೆ, ಸಿಲೋನಿನ ಕಾಫಿ ಬೆಳೆಗಾರರನ್ನು ಟೀ ಕಡೆಗೆ ತಳ್ಳಿತು. ಅದು ದೊಡ್ಡ ಸಂಗತಿಯೇ. ಕುಡಿಯುವವರು ಮೊದಲಿಂದ ಕುಡಿಯುತ್ತಲೇ ಇದ್ದರು. ಮಾರನೇ ದಿನ ಕ್ಲಾಸಿನಲ್ಲಿ ತಪ್ಪು ಒಪ್ಪಿಕೊಂಡೆ. ಆದರೆ ಹಿಂದಿನ 22 ವರ್ಷದ ಮಕ್ಕಳು? ಅವರೆಲ್ಲ ಈಗಲೂ ಎಲ್ಲೋ ಆ ಕಥೆ ಹೇಳುತ್ತಿರಬೇಕು. ನಿನ್ನ ಲೇಖನಕ್ಕೆ ಅದನ್ನು ಸೇರಿಸಿದವರು ನನ್ನ ಶಿಷ್ಯರೇ ಆಗಿದ್ದರೂ ಆಶ್ಚರ್ಯ ಇಲ್ಲ.

ಇದಕ್ಕೆ ಉಲ್ಟಾ ಒಂದಿದೆ. ಬೀಜಕ ಎಲೆಯೊಳಗೆ ಹೇಗೆ ಹೋಗುತ್ತದೆ ಅನ್ನುವ ಪ್ಯಾರಾಕ್ಕೆ ಒಂದೂ ಅಡಿಟಿಪ್ಪಣಿ ಇಲ್ಲ. ಅಲ್ಲಿ ಹೇಳಿರುವುದೆಲ್ಲ ಸರಿ. ಗಾಳಿ, ಮಳೆಹನಿಯಲ್ಲಿ ಬಂದ ಬೀಜಕ ಎಲೆಯ ತಳಭಾಗದಲ್ಲಿ ಕೂರುತ್ತದೆ. ನೀರಿನ ಪಸೆ ಇದ್ದರೆ ಮಾತ್ರ ಮೊಳೆಯುತ್ತದೆ. ಪತ್ರರಂಧ್ರದ, ಅಂದರೆ ಎಲೆಯ ಸಣ್ಣ ತೂತಿನ ಮೂಲಕ ಒಳಗೆ ನುಗ್ಗುತ್ತದೆ. ಆದ್ದರಿಂದ ‘ಆಧಾರ ಕೊಟ್ಟಿಲ್ಲ’ ಅಂತ ಬರೆ, ‘ತಪ್ಪು’ ಅಂತ ಬರೆಯಬೇಡ. ಎರಡಕ್ಕೂ ವ್ಯತ್ಯಾಸ ಇದೆ. ಇದಕ್ಕೆ ಆಧಾರ ಹುಡುಕುವುದೂ ಕಷ್ಟವಲ್ಲ. 1880ರಿಂದ ಎರಡು ವರ್ಷ ಸಸ್ಯವಿಜ್ಞಾನಿ ಮಾರ್ಷಲ್ ವಾರ್ಡ್ ಸಿಲೋನಿನಲ್ಲಿ ಕೂತು ಮಾಡಿದ ಕೆಲಸ ಇದೇ.

ಇನ್ನು ಲೇಖನ ಪೂರ್ತಿ ಇದೆಯಾ ಅನ್ನುವುದು. ಎಷ್ಟು ಉದ್ದ ಇದೆ ಅಂತ ನೋಡುವುದಲ್ಲ. ನಿಮ್ಮಜ್ಜನ ತೋಟದಲ್ಲಿ ಒಂದು ತುಕ್ಕು ಹಿಡಿದ ಎಲೆ ಕೈಯಲ್ಲಿ ಹಿಡಿದು ನಿಂತುಕೋ. ಏನೇನು ಕೇಳಬೇಕು ಅನ್ನಿಸುತ್ತದೋ ಎಲ್ಲ ಒಂದು ಹಾಳೆಯಲ್ಲಿ ಬರಿ. ಆಮೇಲೆ ಲೇಖನ ತೆರೆ. ಮೊದಲೇ ಲೇಖನ ಓದಿದರೆ ಅದು ಹೇಳಿದ್ದಷ್ಟೇ ಮುಖ್ಯ ಅನ್ನಿಸಿಬಿಡುತ್ತದೆ.

ನಾನು ಹಾಗೆ ಮಾಡಿದೆ. ಸಿಲೋನಿನ ಇತಿಹಾಸಕ್ಕೆ ಮೂರು ಪ್ಯಾರಾ ಇದೆ. ರೋಗ ತಡೆಯುವುದಕ್ಕೆ ಎರಡು ಸಾಲು. ಮದುವೆ ಊಟದಲ್ಲಿ ಪಾಯಸ ಮೂರು ಸಲ ಬಂತು, ಅನ್ನ ಸಾರು ಬರಲೇ ಇಲ್ಲ ಅನ್ನುವ ಹಾಗೆ. ಮೈಲುತುತ್ತ, ಸುಣ್ಣ ಕಲಸಿ ಮುಂಗಾರಿಗೆ ಮೊದಲು ಎಲೆಯ ತಳಕ್ಕೆ ಬೀಳುವ ಹಾಗೆ ಹೊಡೆಯುವ ಬೋರ್ಡೋ ದ್ರಾವಣದ ಹೆಸರು ಮಾತ್ರ ಇದೆ. ಎಷ್ಟು, ಯಾವಾಗ, ಯಾಕೆ ಎಲೆಯ ತಳಕ್ಕೆ ಅನ್ನುವುದಿಲ್ಲ. 1970ರಲ್ಲಿ ರೋಗ ಬ್ರೆಜಿಲ್ ಮುಟ್ಟಿದ್ದು ಇದೆ. ಟಿಮೋರ್ ದ್ವೀಪದಲ್ಲಿ ಅರೇಬಿಕಾ, ರೋಬಸ್ಟಾ ಅನ್ನುವ ಎರಡು ಕಾಫಿ ಜಾತಿ ತಾವಾಗಿಯೇ ಬೆರೆತು ಹುಟ್ಟಿದ ಗಿಡದಿಂದ ರೋಗ ತಡೆಯುವ ಗುಣ ತಗೊಂಡು ಎಷ್ಟೋ ತಳಿ ಮಾಡಿದರಲ್ಲ, ಅದರ ಸುದ್ದಿ ಇಲ್ಲ.

ನನಗೆ ಜಾಸ್ತಿ ಬೇಸರವಾಗಿದ್ದು ಇನ್ನೊಂದಕ್ಕೆ. ತುಕ್ಕಿನಲ್ಲಿ ಬೇರೆ ಬೇರೆ ಪಂಗಡಗಳಿವೆ, ಒಂದು ತಳಿಯನ್ನು ಬಿಟ್ಟ ಪಂಗಡ ಇನ್ನೊಂದನ್ನು ಹಿಡಿಯುತ್ತದೆ ಅಂತ ಲೇಖನ ಹೇಳುತ್ತದೆ. ಪೋರ್ಚುಗಲ್‌ನ ಒಯ್ರಸ್ ಊರಿನಲ್ಲಿ 1955ರಲ್ಲಿ ಶುರುವಾದ ಕಾಫಿ ತುಕ್ಕು ಸಂಶೋಧನಾ ಕೇಂದ್ರ 50ಕ್ಕೂ ಹೆಚ್ಚು ಪಂಗಡ ಗುರುತಿಸಿದ್ದನ್ನೂ ಹೇಳುತ್ತದೆ. ಆದರೆ ಪಂಗಡಗಳಿವೆ ಅಂತ ಮೊದಲು ತೋರಿಸಿದ್ದು ಎಲ್ಲಿ? ನಮ್ಮ ಬಾಳೆಹೊನ್ನೂರಿನಲ್ಲಿ! 1925ರಲ್ಲಿ ಅಲ್ಲಿ ಕಾಫಿ ಸಂಶೋಧನೆ ಶುರುವಾಯಿತು. ಅಲ್ಲಿದ್ದ ವಿಜ್ಞಾನಿ ವಿಲ್ಸನ್ ಮೇಯ್ನ್ 1932ರಲ್ಲಿ ನೇಚರ್ ಎಂಬ ವಿಜ್ಞಾನ ಪತ್ರಿಕೆಯಲ್ಲಿ ಇದನ್ನು ಬರೆದರು. ಚಿಕ್ಕಮಗಳೂರಲ್ಲಿ ತಿಂಡಿ ತಿಂದು ಬಸ್ಸು ಹತ್ತಿದರೆ ಊಟದ ಹೊತ್ತಿಗೆ ಮುಟ್ಟುವ ಊರು. ಅದರ ಹೆಸರು ನಿನ್ನ ಲೇಖನದಲ್ಲಿ ಒಂದು ಕಡೆಯೂ ಇಲ್ಲ. ಊರಿನ ಅಭಿಮಾನಕ್ಕೆ ಹೇಳುತ್ತಿಲ್ಲ. ಸರಿ, ಸ್ವಲ್ಪ ಅಭಿಮಾನಕ್ಕೂ ಹೇಳುತ್ತಿದ್ದೇನೆ. ಆದರೆ ಎಸ್.795 ಯಾಕೆ ಸೋತಿತು ಅನ್ನುವುದು ಅರ್ಥವಾಗಬೇಕಾದರೆ ಈ ಪಂಗಡಗಳ ಕಥೆಯೇ ಬೇಕು. ಆ ಎಳೆ ಜೋಡಿಸದ್ದಕ್ಕೇ ಲೇಖನ ಎರಡು ಕಡೆ ಎಡವಿದೆ.

ಹೆಮಿಲಿಯಾ ಅನ್ನುವ ಹೆಸರಿನ ಅರ್ಥ ‘ಅರ್ಧ ನುಣುಪು’ ಅಂತ. ಬೀಜಕದ ಒಂದು ಮಗ್ಗುಲು ನುಣ್ಣಗಿರುತ್ತದೆ, ಇನ್ನೊಂದು ಮಗ್ಗುಲಲ್ಲಿ ಮುಳ್ಳು. ನಿಮ್ಮ ಲ್ಯಾಬಿನಲ್ಲಿ ಮೈಕ್ರೋಸ್ಕೋಪ್ ಇದ್ದರೆ ಅಜ್ಜನ ತೋಟದ ಒಂದು ಎಲೆ ತಗೊಂಡು ಹೋಗು. ಲೇಖನದಲ್ಲಿ ಹಾಕಿರುವ ಚಿತ್ರ ಅದೇ ಹೌದಾ ಅಂತ ನಿನಗೇ ಗೊತ್ತಾಗುತ್ತದೆ.

ಇನ್ನೂ ಒಂದು. ಗೋಧಿಯ ಕಾಂಡ ತುಕ್ಕಿಗೆ ಬಾರ್ಬೆರಿ ಅನ್ನುವ ಇನ್ನೊಂದು ಗಿಡವೂ ಬೇಕು, ಅದರ ಜೀವನಚಕ್ರ ಅಲ್ಲಿ ಪೂರ್ತಿಯಾಗುತ್ತದೆ. ಕಾಫಿ ತುಕ್ಕಿಗೆ ಅಂಥ ಎರಡನೇ ಗಿಡ ಇವತ್ತಿಗೂ ಯಾರಿಗೂ ಸಿಕ್ಕಿಲ್ಲ. ಒಳ್ಳೆಯ ಲೇಖನ ಆಗಿದ್ದರೆ ‘ಇದು ಇನ್ನೂ ಸಿಕ್ಕಿಲ್ಲ’ ಅಂತ ಹೇಳಬೇಕಿತ್ತು. ನಿನ್ನದು ಜೀವನಚಕ್ರದ ಚಿತ್ರ ಹಾಕಿ, ಆ ಜಾಗಕ್ಕೆ ಬಂದಾಗ ಸುಮ್ಮನಾಗಿದೆ.

ಪ್ರಶ್ನೆ: ನಾನು ಸಕಲೇಶಪುರದ ಬೆಳೆಗಾರ. ನಮ್ಮ ತೋಟದಲ್ಲಿ ಕೆಲವು ರೋಬಸ್ಟಾ ಗಿಡಕ್ಕೂ ತುಕ್ಕು ಬರುತ್ತದೆ, 30 ವರ್ಷದಿಂದ ನೋಡುತ್ತಿದ್ದೇನೆ. ಇದನ್ನು ಒಂದು ಅಂತರ್ಜಾಲ ವಿಶ್ವಕೋಶದಲ್ಲಿ ಸೇರಿಸಿದೆ. ಎರಡು ಗಂಟೆಯಲ್ಲಿ ಯಾರೋ ತೆಗೆದುಹಾಕಿದರು. ತೋಟದ ಮುಖ ನೋಡದವರು ನಮಗೆ ಹೇಳುವುದಾ?

ಉತ್ತರ: ನಿಮ್ಮ ಸಿಟ್ಟು ನ್ಯಾಯವಾದದ್ದೇ. ನೀವು ನೋಡಿದ್ದೂ ನಿಜ. ರೋಬಸ್ಟಾ ಒಟ್ಟಾರೆ ತಡೆದುಕೊಳ್ಳುತ್ತದೆ, ಆದರೆ ಎಲ್ಲ ಗಿಡವೂ ಅಲ್ಲ. ಆದರೂ ತೆಗೆದುಹಾಕಿದವರದ್ದು ತಪ್ಪಲ್ಲ ಸ್ವಾಮಿ. ಅಲ್ಲಿ ಸ್ವಂತ ಸಂಶೋಧನೆ ಬರೆಯುವ ಹಾಗಿಲ್ಲ ಅಂತ ನಿಯಮ. ನೀವು ಕಂಡಿದ್ದನ್ನು ಒಪ್ಪಿದರೆ, ನಾಳೆ ಇನ್ನೊಬ್ಬ ಬಂದು ಗೋಮೂತ್ರ ಹೊಡೆದೆ, ತುಕ್ಕು ಮಾಯವಾಯಿತು ಅನ್ನುತ್ತಾನೆ. ಅವನೂ 30 ವರ್ಷದ ಬೆಳೆಗಾರನೇ. ಓದುವವರಿಗೆ ನಿಮ್ಮಿಬ್ಬರಲ್ಲಿ ಯಾರನ್ನು ನಂಬಬೇಕು ಅಂತ ಹೇಗೆ ಗೊತ್ತಾಗಬೇಕು?

ನೀವು ಮಾಡಬಹುದಾದ್ದು ಇದೆ. ರೋಬಸ್ಟಾ ತುಕ್ಕಿನ ಬಗ್ಗೆ ಅಚ್ಚಾದ ಸಂಶೋಧನೆ ಹುಡುಕಿ, ಅದರ ಆಧಾರ ಕೊಟ್ಟು ಅದೇ ಮಾತು ಬರೆಯಿರಿ. ಲೇಖನದ ಜೊತೆ ಚರ್ಚೆಯ ಪುಟ ಅಂತ ಒಂದಿರುತ್ತದೆ. ‘ಇಲ್ಲಿ ಈ ಕೊರತೆ ಇದೆ’ ಅಂತ ಅಲ್ಲಿ ಹೇಳಿ, ಹೇಳಲು ಆಧಾರ ಬೇಡ. ನಿಮ್ಮ ಗಿಡದ ಫೋಟೋ ನೀವೇ ತೆಗೆದದ್ದಾದರೆ ಅದನ್ನು ಕೊಡಬಹುದು. ಎಲೆಯ ತಳಭಾಗ ಕಾಣುವ ಹಾಗೆ, ಬೆಳಗಿನ ಬೆಳಕಲ್ಲಿ ತೆಗೆಯಿರಿ. ಮೇಲ್ಭಾಗದ್ದು ಬೇಡ, ಹಳದಿ ಚುಕ್ಕೆ ಬಿಟ್ಟರೆ ಏನೂ ಕಾಣುವುದಿಲ್ಲ.

ಪ್ರಶ್ನೆ: ಮಗಳು ಎಂಟನೇ ಕ್ಲಾಸು. ಪ್ರಾಜೆಕ್ಟ್ ಅಂದರೆ ವಿಕಿಪೀಡಿಯ ತೆರೆದು ಕೂರುತ್ತಾಳೆ. ನಂಬಬಹುದಾ? ಅರಸೀಕೆರೆಯ ಒಬ್ಬ ತಾಯಿ.

ಉತ್ತರ: 2005ರಲ್ಲಿ ನೇಚರ್ ಪತ್ರಿಕೆಯವರು 42 ವಿಜ್ಞಾನ ಲೇಖನಗಳನ್ನು ಪರಿಣತರ ಕೈಗೆ ಕೊಟ್ಟು, ವಿಕಿಪೀಡಿಯದ್ದನ್ನೂ ಹಳೇ ವಿಶ್ವಕೋಶ ಬ್ರಿಟಾನಿಕಾದ್ದನ್ನೂ ಪಕ್ಕಪಕ್ಕ ಇಟ್ಟು ನೋಡಿಸಿದರು. ಲೇಖನಕ್ಕೆ ಸುಮಾರು ನಾಲ್ಕು ತಪ್ಪು ವಿಕಿಪೀಡಿಯದಲ್ಲಿ, ಮೂರು ಬ್ರಿಟಾನಿಕಾದಲ್ಲಿ. ದೊಡ್ಡ ತಪ್ಪುಗಳು ಇಬ್ಬರಲ್ಲೂ ನಾಲ್ಕು ನಾಲ್ಕು. ಬ್ರಿಟಾನಿಕಾದವರು ಈ ಲೆಕ್ಕವನ್ನು ಒಪ್ಪಲಿಲ್ಲ, ಜಗಳವೇ ಆಯಿತು. ಆಗಿನ ಮಾತು ಅದು. ಒಂದೊಂದು ಲೇಖನದ ಹಣೆಬರಹ ಒಂದೊಂದು ಥರ ಇರುತ್ತದೆ.

ಮಗಳು ತೆರೆಯಲಿ ಬಿಡಿ. ಓದಿದ ಮೇಲೆ ಪುಟ ಮುಚ್ಚಿ ತನ್ನ ಮಾತಲ್ಲಿ ಬರೆಯಲಿ. ಬರೆದ ಒಂದು ವಾಕ್ಯಕ್ಕೆ ಬೆರಳಿಟ್ಟು ‘ಇದು ನಿನಗೆ ಹೇಗೆ ಗೊತ್ತು’ ಅಂತ ಕೇಳಿ. ‘ವಿಕಿಪೀಡಿಯದಲ್ಲಿದೆ’ ಅಂದರೆ ‘ಅವರಿಗೆ ಹೇಗೆ ಗೊತ್ತು’ ಅಂತ ಇನ್ನೊಂದು ಸಲ ಕೇಳಿ. ಒಗ್ಗರಣೆ ಹಾಕುತ್ತಲೇ ಕೇಳಬಹುದು.

ಪ್ರಶ್ನೆ: ನಾನು ಕಳಸದ ಕಡೆ ಹೈಸ್ಕೂಲ್ ವಿಜ್ಞಾನ ಶಿಕ್ಷಕಿ. ಇಂಗ್ಲಿಷಿನಲ್ಲಿ ಹತ್ತು ಪುಟ ಇರುವ ಲೇಖನಗಳು ಕನ್ನಡದಲ್ಲಿ ನಾಲ್ಕೇ ಸಾಲು. ಮೊಬೈಲಿನಲ್ಲಿ ಅನುವಾದ ಮಾಡಿ ಹಾಕಿಬಿಡಲಾ?

ಉತ್ತರ: ಮೇಡಂ, ದಯವಿಟ್ಟು ಹಾಗೆ ಮಾಡಬೇಡಿ. ಕನ್ನಡ ವಿಕಿಪೀಡಿಯ 2003ರಿಂದ ಇದೆ, ಬರೆಯುವ ಕೈ ಕಡಿಮೆ. ನಿಮ್ಮಂಥವರು ಬೇಕೇ ಬೇಕು. ಆದರೆ ಇಂಗ್ಲಿಷಿನ ತಪ್ಪು ಕನ್ನಡಕ್ಕೆ ಬಂದು ಕೂತರೆ ಅದನ್ನು ತಿದ್ದುವವರು ಇನ್ನೂ ಕಡಿಮೆ. ಟೀ ಕಥೆ ಮೇಲೆ ಓದಿದಿರಲ್ಲ. ಅನುವಾದ ಮಾಡುವ ಪ್ರತಿ ವಾಕ್ಯದ ಆಧಾರ ನೀವೇ ತೆರೆದು ನೋಡಿ. ತೆರೆಯದ್ದನ್ನು ಬಿಡಿ. ಹತ್ತು ಪುಟ ಒಂದೂವರೆ ಪುಟವಾದರೂ ಚಿಂತೆಯಿಲ್ಲ.

ಪದಗಳ ವಿಷಯದಲ್ಲಿ ಹುಷಾರು. ತುಕ್ಕಿನ ಲೇಖನದ ಒಂದು ಪ್ಯಾರಾವನ್ನು ಮೊಮ್ಮಗ ಮೊಬೈಲಿನಲ್ಲಿ ಅನುವಾದಿಸಿ ತೋರಿಸಿದ. ಬೀಜಕ ಅನ್ನಬೇಕಾದ ಕಡೆ ಬೀಜ ಅಂತ ಬಂದಿತ್ತು. ಓದಿದ ಮಗು ಕಾಫಿ ಬೀಜ ಗಾಳಿಯಲ್ಲಿ ಹಾರಿ ಎಲೆಗೆ ಅಂಟುತ್ತದೆ ಅಂದುಕೊಳ್ಳುತ್ತದೆ. ‘ರೋಗದ ಆತಿಥೇಯ’ ಅಂತ ಇನ್ನೊಂದು. ಅದು ತಪ್ಪಲ್ಲ, ಆದರೆ ನಿಮ್ಮ ಎಂಟನೇ ಕ್ಲಾಸಿನವರಿಗೆ ಕಾಫಿ ತಿಂಡಿ ಕೊಟ್ಟು ಕೂರಿಸಿಕೊಂಡ ಹಾಗೆ ಕೇಳಿಸುತ್ತದೆ. ‘ರೋಗ ಹಿಡಿಯುವ ಗಿಡ’ ಅಂದರೆ ಸಾಕು. ಬೋರ್ಡೋ ಅನ್ನುವುದನ್ನು ಕನ್ನಡ ಮಾಡಲು ಹೋಗಬೇಡಿ. ತೋಟದಲ್ಲಿ ಎಲ್ಲರೂ ಬೋರ್ಡೋ ಅಂತಲೇ ಅನ್ನುತ್ತಾರೆ. ಕಾಪರ್ ಸಲ್ಫೇಟಿಗೆ ಮಾತ್ರ ಮೈಲುತುತ್ತ ಅಂತ ನಮ್ಮದೇ ಪದ ಇದೆ, ಅದನ್ನು ಬಿಡಬೇಡಿ.